ಮೋರಿ ಪೈಪಿನ ಸಾಕ್ಷಿ

“ಪೈಪ್ ಎಲ್ಲಿ?!”

ಚಕ್ರದ ನಟ್ಟು ಬಿಚ್ಚುವ ಉದ್ದ ಸ್ಪ್ಯಾನರ್ ನನ್ನ ಗಂಟಲಿಗೆ ತಣ್ಣಗೆ ತಾಗಿತು. ಅದನ್ನು ಹಿಡಿದಿದ್ದವನು ಬಿಡದೆ ಕೆಮ್ಮುತ್ತಿದ್ದ; ಅವನನ್ನು ಕೆಮ್ಮು ಎಂದೇ ಕರೆಯೋಣ. ಒಂದೊಂದು ಕೆಮ್ಮಿಗೂ ಕಬ್ಬಿಣ ಇನ್ನಷ್ಟು ಒತ್ತುತ್ತಿತ್ತು.

“ಯಾವ ಪೈಪ್ ಅಣ್ಣ?”

“ಸುಟ್ಟ ಪೈಪ್! ಈಗ ತಾನೇ ಗೋಡೌನಿಂದ ಎತ್ಕೊಂಡ್ ಬಂದೆಯಲ್ಲ!”

“ನಾನು ಇಲ್ಲಿ ಉಚ್ಚೆ ಹೊಯ್ಯೋಕೆ ನಿಲ್ಸಿದ್ದು… ಅದನ್ನೂ ಬಿಡ್ಲಿಲ್ಲ ನೀವು!”

ಇವನ ಜೊತೆಗಾರ ದಪ್ಪ ನನ್ನ ಕಾರಿನ ಹಿಂದಿನ ಸೀಟನ್ನು ಚಾಕುವಿನಿಂದ ಬಗೆಯುತ್ತಿದ್ದ. ಹತ್ತಿ ಹೊರಗೆ ಬಂತು. ಸೀಟು ಹಳೆಯದು, ನಿಜ. ಆದರೆ ನನ್ನದು!

ಓಣಿಯ ಬಾಯಿಗೆ ಅಡ್ಡವಾಗಿ ಒಂದು ಕಪ್ಪು ಕಾರು ನಿಂತಿತ್ತು. ಅದರ ಗಾಜು ನಾಲ್ಕು ಬೆರಳು ಇಳಿಯಿತು. ಒಳಗೆ ಇಸ್ತ್ರಿ.

ಊರಿನ ದೊಡ್ಡ ಸ್ಪೇರ್ ಪಾರ್ಟ್ಸ್ ಅಂಗಡಿ ಅವನದು. ಬೇಸಿಗೆಯ ಮಧ್ಯಾಹ್ನದಲ್ಲೂ ಅವನ ಷರ್ಟಿನಲ್ಲಿ ಒಂದು ಸುಕ್ಕು ಕಂಡವರಿಲ್ಲ. ಅದಕ್ಕೇ ಆ ಹೆಸರು.

“ಬೇಗ ಹುಡುಕ್ರೋ,” ಎಂದ ಇಸ್ತ್ರಿ. “ಹನ್ನೊಂದಕ್ಕೆ ನಾನು ಲೈಸೆನ್ಸ್ ಬೋರ್ಡಿಗೆ ಹೋಗ್ಬೇಕು.”

ನಾನೂ ಅಲ್ಲಿಗೇ ಹೋಗಬೇಕಿತ್ತು! ಗಡಿಯಾರ ನೋಡಿದೆ. ಹತ್ತೂ ಇಪ್ಪತ್ತು.

ಸ್ವಲ್ಪ ತಡೆಯಿರಿ. ಒಂದು ಪೈಪಿಗೆ ಇಷ್ಟೊಂದು ಗಲಾಟೆ ಏಕೆಂದು ನಿಮಗೆ ಹೇಳಲೇಬೇಕು.

ಕಳೆದುಹೋದದ್ದನ್ನು ಹುಡುಕಿಕೊಡುವುದು ನನ್ನ ಕಸುಬು. ಕಾರು, ಕಾಗದಪತ್ರ, ಗಂಡ… ಏನೇ ಆಗಲಿ. ನನ್ನ ಅಕ್ಕನಿಗೆ ಗ್ಯಾರೇಜಿದೆ. ಅಪ್ಪ ಸತ್ತಾಗ ಅವಳಿಗೆ ಹದಿನೇಳು. ಅಪ್ಪನ ಸ್ಪ್ಯಾನರ್ ಎತ್ತಿಕೊಂಡವಳು ಇನ್ನೂ ಕೆಳಗಿಟ್ಟಿಲ್ಲ. ನನಗೆ ಅನ್ನ ಹಾಕಿದ್ದು, ಓದಿಸಿದ್ದು, ಎರಡು ಸಲ ಲಾಕಪ್ಪಿನಿಂದ ಬಿಡಿಸಿದ್ದು ಅದೇ ಕೈ. ಅವಳೆಂದರೆ ನನಗೆ ಪ್ರಾಣ. ಇದನ್ನು ಅವಳೆದುರು ಹೇಳಿದರೆ ಹೊಡೆಯುತ್ತಾಳೆ.

ಅಕ್ಕನಿಗೆ ಒಂದು ಹುಚ್ಚು. ಹಳೇ ಕಾರುಗಳಿಗೆ ಗಾಳಿ ಕುಡಿಸುವುದು!

“ಇಂಜಿನ್ನೂ ನಿನ್ನ ಹಾಗೇ ಕಣೋ,” ಎನ್ನುತ್ತಾಳೆ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ. “ಬಿಸಿ ಗಾಳಿ ಕೊಟ್ರೆ ತೂಕಡಿಸತ್ತೆ. ತಣ್ಣಗಿರೋ ಗಾಳಿ ಕೊಡು, ಓಡತ್ತೆ.”

ಅದಕ್ಕೆ ಕಂಪನಿ ಮಾಲು ಬೇಕಿಲ್ಲ. ಬಚ್ಚಲ ನೀರು ಹೋಗುವ ಕಪ್ಪು ಪ್ಲಾಸ್ಟಿಕ್ ಪೈಪು, ಬಾಗಿಸಲು ಎರಡು ಎಲ್ಬೋ, ಜೋಡಿಸಲು ಒಂದು ರಬ್ಬರ್ ಕೊಳವೆ, ಎರಡು ಕ್ಲಿಪ್ಪು. ಪೈಪಿನ ಒಳಗೆ ಕೈ ತೂರಿಸಿ ಮರಳು ಕಾಗದದಲ್ಲಿ ಉಜ್ಜುತ್ತಾಳೆ. ಗಾಳಿ ಎಲ್ಲೂ ಎಡವಬಾರದು. ಒಂದು ತುದಿ ಇಂಜಿನ್ನಿಗೆ. ಇನ್ನೊಂದು ತುದಿಗೆ ಫಿಲ್ಟರ್ ಸಿಕ್ಕಿಸಿ, ತಣ್ಣನೆಯ ಗಾಳಿ ಸಿಗುವ ಜಾಗಕ್ಕೆ, ಅಂದರೆ ಕೆಳಗೆ ಬಂಪರ್ ಹಿಂದಕ್ಕೆ ಇಳಿಸುತ್ತಾಳೆ.

ಕೊನೆಗೆ ಮೇಲಿನ ಬಾಗಿನಲ್ಲಿ ಎರಡು ಬೆರಳು ಅಗಲದ ಒಂದು ತೂತು ಕೊರೆಯುತ್ತಾಳೆ. ಅದರ ಮೇಲೆ ಪಾತ್ರೆ ತಿಕ್ಕುವ ಸ್ಪಂಜಿನ ಒಂದು ತುಂಡು, ಸಣ್ಣ ತಂತಿಯಲ್ಲಿ ಹೊಲಿಗೆ.

“ಈ ತೂತು ಯಾಕೆ?” ಎಂದು ಒಮ್ಮೆ ಕೇಳಿದ್ದೆ.

“ಕೆಳಗಿನ ಬಾಯಿ ನೀರಲ್ಲಿ ಮುಳುಗಿದ್ರೆ ಇಂಜಿನ್ ಎಲ್ಲಿಂದ ಉಸಿರಾಡ್ಬೇಕು? ನಿನ್ನ ಮೂಗಿಂದಲಾ?”

ನನ್ನ ಕಾರಿಗೂ ಒಂದು ಹಾಕುತ್ತೇನೆಂದು ವರ್ಷವಿಡೀ ತಲೆ ತಿಂದಳು. ನಾನು ಬಿಡಲಿಲ್ಲ. “ನನ್ನ ಗಾಡಿಗೆ ಮೋರಿ ಪೈಪ್ ಬೇಡಮ್ಮ ತಾಯಿ!” ಎಂದುಬಿಟ್ಟೆ.

ಇಸ್ತ್ರಿಗೆ ಮಾತ್ರ ಬೇಕಾಯಿತು. ಅಕ್ಕನ ಪೈಪು ನೋಡಿ ನಕಲು ಹೊಡೆದ. ಥಳಥಳಿಸುವ ಕ್ರೋಮ್ ಪೈಪು, ಬಣ್ಣದ ಡಬ್ಬಿ, ನಲವತ್ತು ಪಟ್ಟು ರೇಟು! ತೂತು ಮಾತ್ರ ಇರಲಿಲ್ಲ. ಅಕ್ಕ ತಾನಾಗಿಯೇ ಅವನ ಅಂಗಡಿಗೆ ಹೋಗಿ ಹೇಳಿದಳು. ಅವನು ನಕ್ಕ.

“ಪೈಪಿಗೆ ತೂತು ಕೊರೆದು ಮಾರ್ಲಾ? ನನ್ನ ಮಾಲಿಗೆ ಅಂಥ ದಂಡದ ತೂತು ಬೇಡಮ್ಮ.”

ಕಳೆದ ತಿಂಗಳು ಒಂದು ಟ್ಯಾಕ್ಸಿಗೆ ಬೆಂಕಿ ಬಿತ್ತು. ಚಾಲಕನ ಎರಡೂ ಕೈ ಸುಟ್ಟವು. ಒಡೆದದ್ದು ಪೆಟ್ರೋಲ್ ಹೋಸು, ಇಸ್ತ್ರಿ ಅಂಗಡಿಯ ಕಳಪೆ ಮಾಲು. ಆದರೆ ಆ ಟ್ಯಾಕ್ಸಿಯಲ್ಲಿ ಅಕ್ಕನ ಪೈಪೂ ಇತ್ತು! ಇಸ್ತ್ರಿ ಲೈಸೆನ್ಸ್ ಬೋರ್ಡಿಗೆ ದೂರು ಕೊಟ್ಟ. “ಪಾತ್ರೆ ತಿಕ್ಕೋ ಸ್ಪಂಜು ಇಂಜಿನ್ನಲ್ಲಿ ಹೊತ್ಕೊಂಡಿದೆ ಸಾರ್!” ಪೈಪು ಪೊಲೀಸರ ಯಾರ್ಡಿನಿಂದ ಮಾಯವಾಯಿತು. ಪೈಪಿಲ್ಲದಿದ್ದರೆ ಆ ದಿನ ಹನ್ನೊಂದು ಗಂಟೆಯ ವಿಚಾರಣೆಯಲ್ಲಿ ಅಕ್ಕನ ಗ್ಯಾರೇಜಿಗೆ ಬೀಗ, ಆಮೇಲೆ ಪೊಲೀಸ್ ಕೇಸು, ಅಕ್ಕನಿಗೆ ಜೈಲು.

ಆ ಪೈಪು ಅದೇ ಬೆಳಿಗ್ಗೆ ಸಿಕ್ಕಿತು. ಇಸ್ತ್ರಿಯ ಗೋಡೌನಿನಲ್ಲಿ, ಹಳೇ ಟೈರುಗಳ ಕೆಳಗೆ. ತಿರುಗಿಸಿ ನೋಡಿದೆ. ಹೋಸಿನ ಕಡೆಯ ಮೈ ಬೆಂದು ಗುಳ್ಳೆ ಎದ್ದಿತ್ತು. ಸ್ಪಂಜು? ಹಳದಿ ಬಣ್ಣ ಹಾಗೇ ಇತ್ತು! ಮುಟ್ಟುಗೋಲು ಹಾಕಿದ ದಿನ ಪೇದೆ ಬಿಳಿ ಪೇಂಟಿನ ಪೆನ್ನಿನಲ್ಲಿ ಹಾಕಿದ ಸಹಿ ಅರ್ಧ ಪೈಪಿನ ಮೇಲೆ, ಅರ್ಧ ಸ್ಪಂಜಿನ ಮೇಲೆ.

ಅಷ್ಟರಲ್ಲಿ ಹೊರಗೆ ಕೆಮ್ಮು ಕೇಳಿಸಿತು.

ಹಿಂದಿನ ಕಿಟಕಿಯಿಂದ ನನ್ನ ಕಾರು ನಿಂತಿದ್ದ ಓಣಿಗೆ ಹಾರಿದೆ. ಓಣಿಯ ಬಾಯಿಗೆ ಕಪ್ಪು ಕಾರು ಬಂದು ನಿಂತಾಗಿತ್ತು. ಓಡುವುದಕ್ಕೆ ದಾರಿಯಿಲ್ಲ. ಇಸ್ತ್ರಿ ಕಾರಿನೊಳಗೆ ಫೋನಿನಲ್ಲಿ ಮುಳುಗಿದ್ದ, ಅವನ ಹುಡುಗರಿಬ್ಬರು ಇನ್ನೂ ಗೋಡೌನು ಜಾಲಾಡುತ್ತಿದ್ದರು. ಪೈಪನ್ನು ಎಲ್ಲಿ ಬಚ್ಚಿಡಲಿ? ಸೀಟಿನ ಕೆಳಗೆ? ಡಿಕ್ಕಿಯಲ್ಲಿ? ಮೊದಲು ನೋಡುವುದೇ ಅಲ್ಲಿ!

ಆ ಟ್ಯಾಕ್ಸಿಯೂ ನನ್ನ ಕಾರೂ ಒಂದೇ ಮಾಡೆಲ್.

ಬಾನೆಟ್ ಎತ್ತಿದೆ. ಕಂಪನಿಯ ಏರ್ ಬಾಕ್ಸ್ ಕಿತ್ತು ಮೋರಿಗೆ ಎಸೆದೆ. ಅಕ್ಕನ ಪೈಪು ತೂರಿಸಿದೆ. ಎರಡು ಕ್ಲಿಪ್ಪು, ಒಂದು ಸ್ಕ್ರೂಡ್ರೈವರ್, ನಾಲ್ಕು ನಿಮಿಷ! ಸ್ಪಂಜಿನ ಮುಖವನ್ನು ಒಳಗಡೆಗೆ ತಿರುಗಿಸಿ, ಸಹಿಯ ಮೇಲೆ ಮಾತ್ರ ಒಂದು ಬೆರಳು ಗ್ರೀಸ್ ಸವರಿದೆ. ಬಾನೆಟ್ ಮುಚ್ಚುವುದಕ್ಕೂ ಗಂಟಲಿಗೆ ಸ್ಪ್ಯಾನರ್ ಬರುವುದಕ್ಕೂ ಸರಿಹೋಯಿತು.

ಅಲ್ಲಿಗೇ ವಾಪಸ್ ಬಂದೆವು.

“ಬಾನೆಟ್ ತೆಗಿ!” ಎಂದ ಕೆಮ್ಮು.

ತೆಗೆದೆ. ದಪ್ಪ ಅರ್ಧ ಮೈ ಒಳಗೆ ಬಾಗಿಸಿ ಇಣುಕಿದ.

“ಏನೂ ಇಲ್ಲ ಬಾಸ್! ಬರೀ ಇಂಜಿನ್ನು… ಗ್ರೀಸು… ಒಂದು ಮೋರಿ ಪೈಪು…”

ಕಪ್ಪು ಕಾರಿನ ಗಾಜು ಪೂರ್ತಿ ಇಳಿಯಿತು.

“ಏನ್ ಪೈಪು ಅಂದೆ?!”

ಕೆಮ್ಮು ತಲೆ ತಿರುಗಿಸಿದ. ಅಷ್ಟು ಸಾಕಾಯಿತು. ಮೊಣಕೈಯಿಂದ ಅವನ ಪಕ್ಕೆಗೆ ಒಂದು ಬಿಟ್ಟೆ. ಬಾನೆಟ್ ಎಳೆದು ಕುಕ್ಕಿದೆ. ದಪ್ಪ ತಲೆ ತಪ್ಪಿಸಿದ, ಷರ್ಟು ತಪ್ಪಿಸಲಿಲ್ಲ. ಪರ್ರ್! ಸೀಟಿಗೆ ಹಾರಿ ಕೀ ತಿರುಗಿಸಿದೆ.

ಇಂಜಿನ್ ಘರ್ಜಿಸಿತು! ಎಂಟು ವರ್ಷದಲ್ಲಿ ಆ ದನಿ ನಾನು ಕೇಳಿರಲಿಲ್ಲ.

ಮುಂದೆ ಕಪ್ಪು ಕಾರು, ಹಿಂದೆ ಗೋಡೆ. ಎಡಕ್ಕೆ ಹಾಸಿಗೆ ಅಂಗಡಿಯ ಹಿಂಬಾಗಿಲು. ನುಗ್ಗಿಸಿದೆ! ಎರಡು ದಿಂಬು ಸತ್ತವು. ಮುಂಬಾಗಿಲಿಂದ ರಸ್ತೆಗೆ ಬಿದ್ದೆ. ಬಾನೆಟ್ಟಿನಂಚಿನಲ್ಲಿ ದಪ್ಪನ ಅರ್ಧ ಷರ್ಟು ಪಟಪಟ ಹಾರುತ್ತಿತ್ತು.

ಕನ್ನಡಿಯಲ್ಲಿ ನೋಡಿದೆ. ಕಪ್ಪು ಕಾರು ಸುತ್ತು ಹಾಕಿ ಬಂದೇಬಿಟ್ಟಿತ್ತು. ಮೂವರೂ ಅದರಲ್ಲೇ. ಒಂದೇ ಏಟಿಗೆ ನನ್ನ ಹಿಂದಿನ ಬಂಪರ್ ಹಾರಿತು.

ಒನ್ ವೇ! ಎದುರಿಗೆ ಸಿಮೆಂಟ್ ಲಾರಿ! ಫುಟ್‌ಪಾತ್ ಹತ್ತಿ ಇಳಿದೆ. ಲಾರಿಯವನು ನನ್ನ ವಂಶವನ್ನೆಲ್ಲ ನೆನೆದ.

ಹತ್ತೂ ನಲವತ್ತೆಂಟು.

ಬೋರ್ಡಿನ ಆಫೀಸು ರೈಲು ಹಳಿಯ ಆಚೆ. ಮೇಲ್ಸೇತುವೆ ಸುತ್ತಿದರೆ ಅರ್ಧ ಗಂಟೆ. ನೇರ ಹೋದರೆ ಹಳಿಯ ಕೆಳಗಿನ ಅಂಡರ್‌ಪಾಸ್. ಆದರೆ ಅಲ್ಲಿ ಕುಡಿಯುವ ನೀರಿನ ದೊಡ್ಡ ಕೊಳವೆ ಒಡೆದು ಮೂರು ದಿನ. ‘ರಸ್ತೆ ಮುಚ್ಚಿದೆ’ ಎಂಬ ಫಲಕ. ಬಂಪರ್ ಮುಳುಗುವಷ್ಟು ನೀರು.

ನನ್ನ ಪೈಪಿನ ಬಾಯಿ ಇದ್ದದ್ದೇ ಬಂಪರ್ ಹಿಂದೆ!

ಹಿಂದಿನಿಂದ ಇನ್ನೊಂದು ಏಟು. ಫಲಕದ ಮೇಲೆ ಹತ್ತಿಸಿಕೊಂಡೇ ಇಳಿದೆ.

ಅಕ್ಕನ ದನಿ ಕಿವಿಯಲ್ಲಿ. “ನೀರಲ್ಲಿ ಅವಸರ ಮಾಡ್ಬೇಡ. ಅಲೆ ಎಬ್ಬಿಸ್ಬೇಡ. ಫಸ್ಟ್ ಗೇರು… ಕಾಲು ಮಾತ್ರ ತೆಗೀಬೇಡ.”

ನೀರು ಬಾಗಿಲಿನ ಸಂದಿಯಿಂದ ಒಳಗೆ ಬಂತು. ಚಪ್ಪಲಿ ತೇಲಿತು. ಇಂಜಿನ್ ಒಂದು ಸಲ ಬಿಕ್ಕಿತು. ಇನ್ನೊಂದು ಸಲ…

ಸತ್ತೆ ಅಂದುಕೊಂಡೆ.

ಹೀ……!

ಬಾನೆಟ್ಟಿನ ಒಳಗಿಂದ ಸಣ್ಣ ಶಿಳ್ಳೆ. ಸ್ಪಂಜು! ಕೆಳಗಿನ ಬಾಯಿ ಮುಳುಗಿತ್ತು, ಇಂಜಿನ್ ಮೇಲಿನ ತೂತಿನಿಂದ ಉಸಿರು ಎಳೆಯುತ್ತಿತ್ತು! ನಾನು ಅತ್ತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೀರು ಮುಖಕ್ಕೆ ಸಿಡಿದದ್ದು.

ಕಾರು ಆಚೆ ದಡ ಹತ್ತಿತು.

ಇಸ್ತ್ರಿಯ ಕಾರು ರಭಸದಲ್ಲೇ ನುಗ್ಗಿತು. ಎರಡೂ ಕಡೆ ಗೋಡೆ ಎತ್ತರಕ್ಕೆ ನೀರು. ನೋಡಲು ಚೆನ್ನಾಗಿತ್ತು. ಮಧ್ಯಕ್ಕೆ ಬಂದಾಗ ಒಂದು ಸದ್ದು.

ಕಟಕ್.

ಅಷ್ಟೇ. ಸಿಲಿಂಡರಿಗೆ ನೀರು ಹೋದರೆ ಒಳಗಿನ ಕಬ್ಬಿಣದ ರಾಡು ಬಗ್ಗುತ್ತದೆ. ಇಸ್ತ್ರಿ ತನ್ನ ಸ್ವಂತ ಕಾರಿಗೆ ಹಾಕಿಸಿದ್ದೂ ತನ್ನದೇ ಕ್ರೋಮ್ ಪೈಪು. ತೂತಿಲ್ಲದ್ದು!

ಅವರು ಬಾಗಿಲು ತೆಗೆಯುವುದನ್ನು ನೋಡಿಕೊಂಡು ನಿಲ್ಲಲಿಲ್ಲ. ಹತ್ತೂ ಐವತ್ತೊಂಬತ್ತಕ್ಕೆ ಬೋರ್ಡಿನ ಮೆಟ್ಟಿಲೆದುರು ಬ್ರೇಕ್ ಹಾಕಿದೆ.

ಅಕ್ಕ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಉಗುರಿನಲ್ಲಿ ಇನ್ನೂ ಗ್ರೀಸು.

“ಸಿಕ್ತೇನೋ?”

“ಸಿಕ್ತು.”

“ಎಲ್ಲಿ? ಕೈ ಖಾಲಿ ಇದೆ!”

“ಹೊರಗೆ ಓಡ್ತಾ ಇದೆ, ಬಾ.”

ವಿಚಾರಣಾಧಿಕಾರಿ ಕನ್ನಡಕ ಏರಿಸಿಕೊಂಡು ಅಂಗಳಕ್ಕೆ ಬಂದರು. ಬಾನೆಟ್ ಎತ್ತಿದೆ. ಇಂಜಿನ್ ಗುರುಗುಡುತ್ತಿತ್ತು. ಗ್ರೀಸ್ ಒರೆಸಿ ಸಹಿ ತೋರಿಸಿದೆ. ಅರ್ಧ ಪೈಪಿನ ಮೇಲೆ, ಅರ್ಧ ಸ್ಪಂಜಿನ ಮೇಲೆ.

“ಸ್ಪಂಜು ಸುಟ್ಟೇ ಇಲ್ವಲ್ರೀ!”

“ಇಲ್ಲ ಸಾರ್.”

“ಇಷ್ಟು ದಿನ ಎಲ್ಲಿತ್ತು?”

“ಇಸ್ತ್ರಿ ಗೋಡೌನಲ್ಲಿ. ಬೆಳಿಗ್ಗೆಯಿಂದ ಡ್ಯೂಟಿ ಮೇಲಿದೆ.”

ಅವರು ಬಾನೆಟ್ಟಿನ ಅಂಚಿನಿಂದ ದಪ್ಪನ ಷರ್ಟು ಎಳೆದರು. ಜೇಬಿನ ಮೇಲೆ ಇಸ್ತ್ರಿಯ ಅಂಗಡಿಯ ಹೆಸರು ದಾರದಲ್ಲಿ ಹೊಲಿದಿತ್ತು. ಅವರು ಅದನ್ನು ಎರಡು ಸಲ ಓದಿ ಪೊಲೀಸರಿಗೆ ಫೋನ್ ಮಾಡಿದರು.

ಹನ್ನೊಂದೂ ಇಪ್ಪತ್ತಕ್ಕೆ ಇಸ್ತ್ರಿ ನಡೆದುಕೊಂಡು ಬಂದ. ನೀರಲ್ಲಿ ಜಾರಿ ಬಿದ್ದು ಮೈಯೆಲ್ಲ ಒದ್ದೆ. ಷರ್ಟು ಮೈಗೆ ಅಂಟಿ ಮುದ್ದೆಯಾಗಿತ್ತು. ಸುಕ್ಕು ಎಣಿಸಲು ನನಗೆ ಪುರಸೊತ್ತಿರಲಿಲ್ಲ. ಅವನ ಹಿಂದೆಯೇ ಬಂದ ಕೆಮ್ಮು ಪೊಲೀಸರನ್ನು ಕಂಡದ್ದೇ ತಡ, ಎರಡು ನಿಮಿಷದಲ್ಲಿ ಎಲ್ಲವನ್ನೂ ಕಕ್ಕಿದ. ಹೋಸು, ಯಾರ್ಡು, ಟೈರಿನ ರಾಶಿ… ಎಲ್ಲ!

ಅಕ್ಕ ನನ್ನ ಕಾರಿನ ಬಳಿ ಹೋಗಿ ಕ್ಲಿಪ್ಪು ಮುಟ್ಟಿ ನೋಡಿದಳು.

“ಇದನ್ನ ಹೀಗಾ ಬಿಗಿಯೋದು? ಕತ್ತೆ!”

ಅವಳ ಕಣ್ಣು ಒದ್ದೆಯಾಗಿತ್ತು. ನಾನು ಬೇರೆ ಕಡೆ ನೋಡಿದೆ.

ಪೈಪು ಈಗ ಸಾಕ್ಷಿಯಾಗಿ ಬೋರ್ಡಿನ ಕಪಾಟಿನಲ್ಲಿದೆ. ನನ್ನ ಕಾರಿಗೆ ಅಕ್ಕ ಹೊಸದು ಮಾಡಿ ಹಾಕಿದ್ದಾಳೆ. ಈ ಸಲ ನಾನೇ ಬಾನೆಟ್ ಎತ್ತಿ ಕೊಟ್ಟೆ. ಇಸ್ತ್ರಿ ಒಳಗಿದ್ದಾನೆ. ನಿನ್ನೆ ಅವನ ವಕೀಲ ಗ್ಯಾರೇಜಿಗೇ ಬಂದಿದ್ದ, ರಾಜಿ ಮಾಡಿಕೊಳ್ಳಿ ಎಂದು. ಜೈಲಿನ ಕೋಣೆಗೆ ಕಿಟಕಿಯಿಲ್ಲ, ಯಜಮಾನರಿಗೆ ಉಸಿರು ಕಟ್ಟುತ್ತದೆ ಎಂದು ಕಣ್ಣೀರು ಹಾಕಿದ.

ಅಕ್ಕ ಬಾಯಲ್ಲಿದ್ದ ಸ್ಕ್ರೂ ತೆಗೆದಳು.

“ತೂತು ಬೇಡ ಅಂದವರು ಅವರೇ ಅಲ್ವಾ?”