ಅವನು ಕೇಳಬಾರದಾಗಿದ್ದ ಪ್ರಶ್ನೆ

"ಪಿರಿಯಡ್ಸ್ ನಿಂತು ಎಷ್ಟು ತಿಂಗಳಾಯ್ತು?"

ಮಾತು ಕಿವಿಗೆ ಬಿದ್ದದ್ದೇ ತಡ, ಅವಳು ಬಾಟಲಿಯ ನೀರನ್ನು ಅವನ ಮುಖಕ್ಕೆ ಎರಚಿದಳು.

ದೂರದ ಓಟದಲ್ಲಿ ಅವಳನ್ನು ಮೀರಿಸುವವರು ಆ ಮೈದಾನದಲ್ಲಿ ಇರಲಿಲ್ಲ. ಅಭ್ಯಾಸದಲ್ಲಿ ಮುಂದೆ ಓಡಿ ಅವಳ ವೇಗ ಏರಿಸಲೆಂದು ಕೋಚ್ ಅವನನ್ನು ಅಂದಷ್ಟೇ ಕರೆತಂದಿದ್ದರು.

"ತಿಂಗಳ ಕಾಟ ತಪ್ಪಿತು, ನಾನು ಪುಣ್ಯವಂತೆ ಅಂತ ಗೆಳತಿಯರ ಹತ್ರ ನೀವೇ ಹೇಳ್ತಿದ್ರಲ್ಲ," ಅವನು ಮುಖ ಒರೆಸಿಕೊಂಡ. "ಕೇಳಿಸ್ತು. ಕಾಲೂ ಎಳೀತಿದ್ದೀರಿ."

"ಹೆಂಗಸರ ಮಾತಿಗೆ ಕಿವಿ ಕೊಡೋಕೆ ನಾಚಿಕೆ ಆಗಲ್ವಾ? ಓಡೋಕೆ ಬಂದಿದ್ದೀಯ, ಓಡು."

ಅವನು ಓಡಲಿಲ್ಲ. ನೇರ ಕೋಚ್ ಬಳಿ ಹೋದ. ಕೋಚ್ ಅವಳನ್ನು ಆಸ್ಪತ್ರೆಗೆ ಕಳಿಸಿದರು.

"ಮೈ ಮುರಿಯೋ ಅಭ್ಯಾಸ, ಅರೆಹೊಟ್ಟೆ ಊಟ," ಡಾಕ್ಟರಮ್ಮ ಗದರಿದರು. "ತಿಂದದ್ದು ಓಟಕ್ಕೇ ಸಾಲದಿದ್ರೆ ಮುಟ್ಟಿಗೆ ಶಕ್ತಿ ಎಲ್ಲಿಂದ ಬರಬೇಕು? ದೇಹ ಅದನ್ನೇ ನಿಲ್ಲಿಸಿಬಿಟ್ಟಿದೆ. ಮೂಳೆನೂ ಸವೆದು, ಕಾಲಲ್ಲಿ ಬಿರುಕು ಬಂದಿದೆ. ಈ ವರ್ಷ ಓಟ ಬೇಡ."

ದೊಡ್ಡ ಪಂದ್ಯಕ್ಕೆ ಅವಳ ಜಾಗದಲ್ಲಿ ಬೇರೊಬ್ಬಳು ಆಯ್ಕೆಯಾದಳು. ಆ ಹುಡುಗಿಯ ಮುಂದೆ ಈಗ ಅವನೇ ಓಡುತ್ತಿದ್ದ.

'ಓ... ಇದಕ್ಕೇನಾ ನನ್ನ ಕಾಲಿನ ಮೇಲೆ ಕಣ್ಣು ಹಾಕಿದ್ದು?'

ಕಾಲು ಹೇಗಿದೆ ಎಂದು ವಿಚಾರಿಸಲು ಅವನು ಮನೆಗೆ ಬಂದಾಗ ಅವಳು ಹೊಸಿಲಲ್ಲೇ ತಡೆದಳು.

"ನಿನ್ನವಳನ್ನ ಮೇಲೆ ತರೋಕೆ ನನ್ನನ್ನ ಮೂಲೆಗೆ ತಳ್ಳಿದೆ. ಇನ್ನೊಮ್ಮೆ ಈ ಮೆಟ್ಟಿಲು ಹತ್ತಬೇಡ."

ಅವನು ಹಿಂದಿರುಗಿದ.

ಅಮ್ಮ ಬಡಿಸಿದ್ದು ತಟ್ಟೆಯಲ್ಲೇ ಆರುತ್ತಿತ್ತು. 'ಓಡದವಳಿಗೆ ಊಟ ಯಾಕೆ?'

ಕೆಲವು ವಾರ ಕಳೆದು ಅವನ ಅಕ್ಕ ಬಂದಳು. ಊರುಗೋಲು ಊರಿ ಒಳಬಂದವಳೇ ಸಿಡುಕಿದಳು.

"ಅವನ ಪರ ವಕಾಲತ್ತಿಗೆ ಬಂದಿಲ್ಲ. ನನ್ನ ನಡಿಗೆ ನೋಡು."

ಕೋಣೆಯ ಉದ್ದಕ್ಕೂ ಕುಂಟಿಕೊಂಡೇ ನಡೆದಳು.

"ನಾನೂ ಓಡ್ತಿದ್ದೆ. ಮುಟ್ಟು ನಿಂತಾಗ ನಿನ್ನಂಗೇ ಕುಣಿದೆ. ಮನೆಯಲ್ಲಿ ಯಾರೂ ಕೇಳಲಿಲ್ಲ... ನಾಚಿಕೆ. ಓಡ್ತಿರುವಾಗಲೇ ಸೊಂಟದ ಮೂಳೆ ಮುರೀತು. ನಿನ್ನನ್ನಾದ್ರೂ ಒಬ್ಬ ಬಾಯಿಬಿಟ್ಟು ಕೇಳಿದ."

ಅಕ್ಕ ಕುರ್ಚಿ ಎಳೆದು ಕೂತಳು.

"ಆ ಹುಡುಗಿ ಮುಂದೆ ಓಡೋದು ಅವನ ಕೆಲಸ, ಅಷ್ಟೇ. ನಿನ್ನ ಮಾತು ಬಂದ್ರೆ ಮಾತ್ರ ಊಟ ಬಿಟ್ಟು ಎದ್ದು ಹೋಗ್ತಾನೆ, ಪೆದ್ದ."

ಅಂದು ಮಧ್ಯಾಹ್ನ ಅವಳು ಕೇಳಿ ಕೇಳಿ ಬಡಿಸಿಕೊಂಡಳು. ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡರು. ಸಿಟ್ಟು ಮಾತ್ರ ಸುಲಭಕ್ಕೆ ಇಳಿಯಲಿಲ್ಲ. ಬಟ್ಟೆ ಬಿಗಿಯಾದಾಗಲೆಲ್ಲ ಅವನಿಗೇ ಶಾಪ ಹಾಕಿದಳು.

ತಿಂಗಳುಗಳು ಉರುಳಿದವು. ಒಂದು ಬೆಳಗ್ಗೆ ಬಚ್ಚಲಲ್ಲಿ ಕೆಂಪು ಕಲೆ ಕಂಡು ಗೋಡೆಗೊರಗಿ ಅತ್ತುಬಿಟ್ಟಳು. ಫೋನ್ ಎತ್ತಿಕೊಂಡಾಗ ಬೆರಳು ಹುಡುಕಿದ್ದು ಅವನ ನಂಬರನ್ನೇ.

"ಬೈಯೋಕಾ?" ಎಂದ ಅವನು.

"ಅಲ್ಲ... ಬಂತು."

ಆ ಕಡೆ ಮೂಗು ಎಳೆದುಕೊಂಡ ಸದ್ದು.

"ನೋವಿದೆಯಾ?"

"ಹೊಟ್ಟೆ ಹಿಂಡ್ತಿದೆ. ಅಮ್ಮನಿಗೂ ಹೇಳಿಲ್ಲ. ಮೊದಲು ನಿನಗೇ ಹೇಳಬೇಕು ಅನ್ನಿಸ್ತು... ಯಾಕೆ ಅಂತ ಕೇಳಬೇಡ."

"ಕೇಳಲ್ಲ. ಬರಲಾ?"

"ಬಾ. ಆದ್ರೆ ಇವತ್ತು ನಾನು ತುಂಬಾ ಸಿಡಿಮಿಡಿ."

"ಇಷ್ಟು ದಿನ ಇದ್ದದ್ದು ಏನು ಹಾಗಾದ್ರೆ?" ಅವನು ನಕ್ಕ. "ಬೈಕೋತಾ ಇರು. ಬಂದೆ."