ಬೇಕಂತಲೇ ಮುರಿದದ್ದು

ನಂಜೇಶ್ ಮೊದಲ ಸಲ ನನ್ನನ್ನ ನೋಡಿದಾಗ ಗುಜರಿಯವಳು ಅಂದುಕೊಂಡ. ತಪ್ಪು ಪೂರ್ತಿ ಅವನದೂ ಅಲ್ಲ ಬಿಡಿ. ಟಿ. ನರಸೀಪುರದಾಚೆ ಕಬ್ಬಿನ ಗದ್ದೆ ಮಧ್ಯದ ಆಲೆಮನೆಗೆ ಒಬ್ಬ ಹೆಂಗಸು ಹೆಗಲಿಗೆ ಚೀಲ ಹಾಕ್ಕೊಂಡು ಬಂದು, "ಗಾಣದ್ದು ಮುರಿದ ಶಾಫ್ಟ್ ಇದ್ದರೆ ಕೊಡ್ತೀರಾ?" ಅಂದರೆ ಯಾರಾದರೂ ಇನ್ನೇನು ಅಂದುಕೊಳ್ಳಬೇಕು?

"ಕೆಜಿಗೆ ಎಂಗೆ ತಗೋತೀರಿ?" ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. "ನಾನು ಮೈಸೂರಲ್ಲಿ ಇಂಜಿನಿಯರಿಂಗ್ ಕಾಲೇಜಿನ ಲೆಕ್ಚರರು ಕಣ್ರೀ. ಮೆಕ್ಯಾನಿಕಲ್ಲು. ಲೋಹ ಯಾಕೆ ಮುರಿಯುತ್ತೆ ಅನ್ನೋದೇ ನನ್ನ ಸಬ್ಜೆಕ್ಟು. ಹೆಸರು ಸರ್ವಮಂಗಳ, ಊರು ನಂಜನಗೂಡು. ಇನ್ನೇನು ಬೇಕು?"

ಅವನು ನಾಲಿಗೆ ಕಚ್ಚಿಕೊಂಡ. ಕೊಪ್ಪರಿಗೆಯಲ್ಲಿ ಪಾಕ ತಿರುವುತ್ತಿದ್ದ ಮುದುಕ ಮರಿಯಯ್ಯ ಕಿಸಕ್ಕನೆ ನಕ್ಕುಬಿಟ್ಟ. "ಬೇಜಾರ್ ಮಾಡ್ಕಬ್ಯಾಡಿ ಕಣವ್ವ, ನಮ್ ಯಜಮಾನ್ರಿಗೆ ಎಣ್ಣುಮಕ್ಕಳ ತಾವ ಮಾತಾಡಿ ಗೊತ್ತಿಲ್ಲ."

ಅದು ತೊಂಬತ್ಮೂರನೇ ಇಸವಿ. ನಾನು ಪಿಎಚ್‌ಡಿಗೆ ಅರ್ಜಿ ಹಾಕೋಕೆ ಮುಂಚೆ ಒಂದಷ್ಟು ಮುರಿದ ಪೀಸುಗಳನ್ನ ಕೂಡಿಹಾಕ್ತಿದ್ದೆ. ನಂಜೇಶನ ಆಲೆಮನೆ ಮೂಲೆಯಲ್ಲಿ ಅಂಥವು ರಾಶಿ ಬಿದ್ದಿದ್ದವು. ಕಬ್ಬು ಅರೆಯೋ ಗಾಣವನ್ನ ತಿರುಗಿಸೋ ಕಬ್ಬಿಣದ ದಂಡ, ಅಂದರೆ ಶಾಫ್ಟು, ಯಾವಾಗಲೂ ಒಂದೇ ಜಾಗದಲ್ಲಿ ಮುರಿಯುತ್ತಿತ್ತಂತೆ.

ಒಂದನ್ನ ಎತ್ತಿ ಬಿಸಿಲಿಗೆ ಹಿಡಿದು ತೋರಿಸಿದೆ. "ನೋಡಿ, ಬಿರುಕು ದಪ್ಪ ಇದ್ದದ್ದು ಸಣ್ಣ ಆಗೋ ಈ ಚೂಪು ಮೂಲೆಯಿಂದ ಶುರುವಾಗಿದೆ. ಹೊಳೆ ನೀರು ಇಳಿದಾಗ ಮರಳಲ್ಲಿ ಸಾಲು ಸಾಲು ಗೆರೆ ಉಳಿಯುತ್ತಲ್ಲ, ಹಾಗೇ ಇದೆ. ಒಂದೇ ಏಟಿಗೆ ಮುರಿದದ್ದಲ್ಲ. ದಿನಾ ಒಂಚೂರು, ದಿನಾ ಒಂಚೂರು, ತಡಕೊಂಡು ತಡಕೊಂಡು ಮುರಿದದ್ದು."

ತಲೆ ಎತ್ತಿದರೆ ಅವನು ಶಾಫ್ಟ್ ಬಿಟ್ಟು ಗ್ರೀಸ್ ಮೆತ್ತಿದ ನನ್ನ ಬೆರಳು ನೋಡ್ತಿದ್ದ.

"ಇಲ್ಲಿ ನೋಡ್ರೀ!"

"ನೋಡ್ತಾನೇ ಇವ್ನಿ," ಅಂದು ಕಿವಿವರೆಗೂ ಕೆಂಪಾದ. ಪಾಪ ಅನ್ನಿಸಿತು. ಇಷ್ಟವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ಶುರುವಾಯಿತು ನೋಡಿ. ಏನು ಮುರಿದರೂ ಕಾಲೇಜಿಗೆ ಫೋನ್ ಬರೋದು. ರಜಾ ದಿನ ನೋಡಿ ನಾನು ನಂಜನಗೂಡಲ್ಲಿ ಬಸ್ ಹತ್ತಿ ಹೋಗೋಳು. ಕಬ್ಬಿನ ಹಾಲಿಗೆ ನಿಂಬೆಹಣ್ಣು ಹಿಂಡಿ ಲೋಟ ಕೈಗೆ ಕೊಡೋನು. ಕೈ ತಾಗಬಾರದು ಅಂತ ಲೋಟದ ತಳ ಹಿಡಿಯೋನು, ಆಮೇಲೆ ತಾಗಲಿಲ್ಲವಲ್ಲ ಅಂತ ಮುಖ ಸಣ್ಣ ಮಾಡ್ಕೊಳ್ಳೋನು. ಹೊರಡುವಾಗ ಬಾಳೆ ಎಲೆಯಲ್ಲಿ ಸುತ್ತಿದ ಬಿಸಿ ಬೆಲ್ಲ. ಅಷ್ಟೇ. ಮಾತು ಮಾತ್ರ ಬಾಯಿಗೆ ಬರೋದಿಲ್ಲ ಮಹಾರಾಯನಿಗೆ.

ಒಂದಿನ ನನ್ನ ವಿದ್ಯೆ ತೋರಿಸೋಣ ಅಂತ, "ಲೇತಿನವರಿಗೆ ಹೇಳಿ ಈ ಚೂಪು ಮೂಲೇನ ಗುಂಡಗೆ ಮಾಡ್ಸಿ," ಅಂದೆ. ಮಾಡಿಸಿದ.

ಆಮೇಲೆ ಏನೂ ಮುರಿಯಲೇ ಇಲ್ಲ.

ಫೋನಿಲ್ಲ, ಬಸ್ಸಿಲ್ಲ, ಬೆಲ್ಲ ಇಲ್ಲ. ತಿಂಗಳುಗಟ್ಟಲೆ! ನಾನು ಓದಿದ ವಿದ್ಯೆ ಮೊದಲ ಸಲ ಒಬ್ಬರ ಉಪಯೋಗಕ್ಕೆ ಬಂದಿತ್ತು, ನನಗೇ ಕೈಕೊಟ್ಟಿತ್ತು. ಮುರಿದದ್ದೇನೂ ಇಲ್ಲದೆ ಯಾವ ಮುಖ ಇಟ್ಕೊಂಡು ಹೋಗಲಿ? ಸುಮ್ಮನೆ ನೋಡಿಹೋಗೋಕೆ ಬಂದೆ ಅನ್ನಲಾ?

ಅಷ್ಟರಲ್ಲಿ ಮದ್ರಾಸಿನಲ್ಲಿ ಪಿಎಚ್‌ಡಿಗೆ ಸೀಟು ಸಿಕ್ಕಿತು. ಅದೇ ವಾರ ಅಮ್ಮ ಒಂದು ಗಂಡೂ ಗೊತ್ತು ಮಾಡಿದಳು.

"ಭಾನುವಾರ ನೋಡೋಕೆ ಬರ್ತಾರೆ. ಕಬ್ಬಿಣ ಓದಿದವಳನ್ನ ಯಾರು ಒಪ್ತಾರೋ ಅಂತಿದ್ದೆ, ಪುಣ್ಯಕ್ಕೆ ಒಪ್ಪೋ ಹಾಗಿದ್ದಾರೆ. ಆ ಮದ್ರಾಸಿನ ಮಾತು ಮಾತ್ರ ಎತ್ತಬೇಡ," ಅಂದಳು ಅಮ್ಮ, ಹೆಸರಿಗೆ ತಕ್ಕ ರುದ್ರಮ್ಮ.

"ಎತ್ತಿದರೆ?"

"ಎತ್ತಿದರೆ ಎದ್ದು ಹೋಗ್ತಾರೆ. ಮದುವೆಯಾಗಿ ಓದೋಕೆ ಹೋಗ್ತೀನಿ ಅನ್ನೋಳಿಗೆ ಯಾರು ತಾಳಿ ಕಟ್ತಾರೆ?"

ಅಡುಗೆಮನೆಗೆ ಹೋಗಿ ಅತ್ತೆ. ಓದು ಬಿಡೋಕಾಗಲ್ಲ. ಅವನನ್ನೂ ಬಿಡೋಕಾಗಲ್ಲ. ಅವನಾದರೋ ಬಾಯೇ ಬಿಟ್ಟಿಲ್ಲ.

ಶುಕ್ರವಾರ ಫೋನ್ ಬಂತು. "ಮೇಡಂ, ಮುರೀತು."

ಮಧ್ಯಾಹ್ನದ ಕ್ಲಾಸ್ ಬೇರೆಯವರಿಗೆ ಒಪ್ಪಿಸಿ ಓಡಿದೆ. ಗಾಣ ತಣ್ಣಗೆ ನಿಂತಿತ್ತು. ಮರಿಯಯ್ಯ ನನ್ನ ಮುಖ ನೋಡದೆ ಸೌದೆ ಜೋಡಿಸುತ್ತಿದ್ದ. ನಂಜೇಶ್ ಎರಡು ತುಂಡನ್ನೂ ಟವೆಲ್ ಮೇಲೆ ಇಟ್ಟು ಕೈಕಟ್ಟಿ ನಿಂತಿದ್ದ.

ಎತ್ತಿಕೊಂಡು ನೋಡಿದೆ. ಮರಳ ಗೆರೆಗಳಿಲ್ಲ. ಅರ್ಧದವರೆಗೆ ನೆಟ್ಟಗೆ ಗರಗಸದ ಗೀರು. ಮಿಕ್ಕರ್ಧ ಒರಟೊರಟಾಗಿ, ಈಗಷ್ಟೇ ಒಡೆದ ಬೆಲ್ಲದ ಅಚ್ಚಿನ ಹಾಗೆ ಹೊಳೀತಿತ್ತು. ಬೆನ್ನಿಗೆ ಸುತ್ತಿಗೆ ಏಟು ಬೇರೆ.

"ನಂಜೇಶ್, ಇದು ಮುರಿದದ್ದಲ್ಲ. ಮುರಿಸಿದ್ದು."

ಅವನು ಟವೆಲಿನ ಅಂಚು ಎಳೆದು ಸರಿಮಾಡಿದ.

"ಚೆನ್ನಾಗಿದ್ದ ಶಾಫ್ಟನ್ನ ಕೊಯ್ದು, ಸುತ್ತಿಗೇಲಿ ಬಡಿದಿದ್ದೀರ. ಅಲ್ರೀ, ಕಬ್ಬು ಕಟಾವಾಗಿ ಕೂತಿರೋ ಹೊತ್ತಲ್ಲಿ! ತಲೆ ಸರಿಯಾಗಿದೆಯಾ?"

"ನೀವು ಕಂಡುಹಿಡೀತೀರಿ ಅಂತ ಗೊತ್ತಿತ್ತು," ಅಂದ ನೆಲ ನೋಡ್ಕೊಂಡು. "ಇನ್ನೆಂಗೆ ಕರೀಲಿ ಮೇಡಂ? ನೀವು ಸರಿಮಾಡ್ಕೊಟ್ ಮೇಲೆ ಹಾಳಾದ್ದು ಮುರೀತಾನೇ ಇಲ್ಲ."

ನಗು ಬಂತು. ಕಣ್ಣಲ್ಲಿ ನೀರೂ ಬಂತು.

"ಯಾವತ್ತಿಂದ ಇದು?"

"ಅದೇ, ನೀವೇ ಹೇಳಿದ್ರಲ್ಲ." ಈ ಸಲ ತಲೆ ಎತ್ತಿದ. "ಒಂದೇ ಏಟಿಗಲ್ಲ. ಬಂದಾಗೆಲ್ಲ ಒಂಚೂರು, ಒಂಚೂರು."

ಗದ್ದೆ ಕಡೆಯಿಂದ ಗಾಳಿ ಬೀಸಿತು. ಇವನ ಬಾಯಿಂದ ಇಷ್ಟು ಚೆಂದದ ಮಾತಾ ಅಂತ ನನಗೇ ನಂಬಿಕೆ ಬರಲಿಲ್ಲ. ಆದರೂ ಹೇಳಲೇಬೇಕಿತ್ತು, ಹೇಳಿದೆ.

"ಭಾನುವಾರ ನಮ್ಮನೆಗೆ ಬೇರೆಯವರು ಹೆಣ್ಣು ನೋಡೋಕೆ ಬರ್ತಿದ್ದಾರೆ. ಅವರಿಗಿಂತ ಮುಂಚೆ ನಿಮ್ಮ ಮನೆಯವರು ಬರಬೇಕು. ಆದರೆ ಒಂದು ಮಾತು. ನಾನು ಮದ್ರಾಸಿಗೆ ಹೋಗ್ತಿದ್ದೀನಿ. ಪಿಎಚ್‌ಡಿ, ಮೂರು ವರ್ಷ. ಜಾಸ್ತಿಯೂ ಆಗಬಹುದು. ಬಿಡೋದಿಲ್ಲ."

ಅವನು ಟವೆಲ್ಲನ್ನ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಮುಗೀತು ಕತೆ ಅಂದುಕೊಂಡು ಚೀಲ ಎತ್ತಿಕೊಂಡೆ.

"ಬಸ್ಸೋ, ರೈಲೋ?" ಅಂದ.

"ಏನು?"

"ಮದ್ರಾಸಿಗೆ. ಬೆಲ್ಲ ಕಟ್ಟಿಕೊಡಬೇಕಲ್ಲ. ಬಸ್ಸಲ್ಲಾದ್ರೆ ಕರಗೋಯ್ತದೆ."

ಸೌದೆ ಜೋಡಿಸುತ್ತಿದ್ದ ಮರಿಯಯ್ಯ ನಮ್ಮ ಕಡೆ ಪೂರ್ತಿ ಬೆನ್ನು ತಿರುಗಿಸಿ ಕೂತ. ನಾನು ಗ್ರೀಸಿನ ಕೈಯಲ್ಲೇ ನಂಜೇಶನ ಕೈ ಹಿಡಿದೆ. ಈ ಸಲ ಅವನು ಲೋಟದ ತಳ ಹುಡುಕಲಿಲ್ಲ.

ಈಗ ಎರಡು ಸಾವಿರದ ಏಳು. ನಾನು ಪ್ರೊಫೆಸರು. ಪ್ರತಿ ವರ್ಷ ಮೊದಲ ಕ್ಲಾಸಲ್ಲಿ ಮುರಿದ ಪೀಸುಗಳನ್ನ ಹುಡುಗರ ಕೈಗೆ ಕೊಟ್ಟು, ಯಾಕೆ ಮುರಿದಿರಬಹುದು ಹೇಳಿ ಅಂತೀನಿ. ಆ ಶಾಫ್ಟೂ ಅದರಲ್ಲಿರುತ್ತೆ. ಹೆಚ್ಚಿನವರು ಲೋಡ್ ಜಾಸ್ತಿಯಾಗಿದೆ ಅಂತ ಬರೀತಾರೆ.

ಈ ವರ್ಷ ಕವಲಂದೆಯಿಂದ ಬರೋ ಒಬ್ಬ ಹುಡುಗಿ ಅದನ್ನ ತಿರುಗಿಸಿ ತಿರುಗಿಸಿ ನೋಡಿ, ಹೆದರಿಕೊಂಡೇ ಎದ್ದು ನಿಂತಳು.

"ಮೇಡಂ, ತಪ್ಪಾದ್ರೆ ಬೈಬೇಡಿ. ಇದನ್ನ ಯಾರೋ ಬೇಕಂತಲೇ ಮುರಿದಿದ್ದಾರೆ."

"ಯಾರೋ ಅಲ್ಲಮ್ಮ," ಅಂದೆ. "ನಮ್ಮನೆಯವರು."