ಕೊಳಲಿದೆ, ಕಂಠವಿಲ್ಲ

ತಂಗಿ ಕಂಪ್ಯೂಟರಿನಲ್ಲಿ ಹಾಡು ಹಾಕಿದಳು. ಕೊಳಲು ಬಂತು. ಡೋಲು ಬಂತು. ಹಾಡುವ ಕಂಠ ಮಾತ್ರ ಬರಲಿಲ್ಲ. ಕಿವಿಗೊಟ್ಟು ಕೇಳಿದರೆ ಬಾವಿಯ ತಳದಲ್ಲಿ ಯಾರೋ ಗುನುಗಿದಂತೆ ಒಂದಿಷ್ಟು ಸದ್ದು, ಅಷ್ಟೇ.

ವೇದಿಕೆಯ ಮೇಲಿದ್ದ ಅಕ್ಕ ಕುಣಿಯುವುದನ್ನು ನಿಲ್ಲಿಸಿದಳು. ಕಾಣೆಯಾದ ಕಂಠ ಅವಳದೇ. ಕುಣಿಯುತ್ತ ಹಾಡಲು ಉಸಿರು ಸಾಲದೆಂದು ಹಾಡನ್ನು ಮೊದಲೇ ರೆಕಾರ್ಡ್ ಮಾಡಿದ್ದರು. ಸಂಜೆ ಆರಕ್ಕೆ ನಾಟಕದ ಮೊದಲ ಪ್ರದರ್ಶನ. ಈಗ ಹನ್ನೊಂದು ಗಂಟೆ.

"ನಿನ್ನೆ ಸರಿಯಾಗೇ ಇತ್ತಲ್ಲ," ಅಂದಳು ಅಕ್ಕ. ಆಮೇಲೆ ತಂಗಿಯತ್ತ ತಿರುಗಿದಳು. "ನೀನೇ ಅಳಿಸಿದ್ದೀಯ. ನಾನು ಮೆರೆಯೋದು ನಿನಗೆ ಬೇಡ."

"ನಾನ್ಯಾಕೆ ಅಳಿಸಲಿ?"

"ಅದನ್ನ ನೀನೇ ಹೇಳು. ಇವಳು ಇಲ್ಲಿ ಕೂತರೆ ನಾನು ಬಣ್ಣ ಹಚ್ಚಲ್ಲ ಮೇಷ್ಟ್ರೇ. ಮನೇಲೂ ಅಷ್ಟೇ. ಇವಳಿರೋ ಕಡೆ ನಾನಿರಲ್ಲ."

ನಾಟಕದ ಮೇಷ್ಟ್ರು ಗಡಿಯಾರ ನೋಡಿದರು. "ಮೂರು ಗಂಟೆಯೊಳಗೆ ಹಾಡು ಸರಿಯಾಗಬೇಕು. ಇಲ್ಲದಿದ್ರೆ ಕಂಪ್ಯೂಟರಿಗೆ ಬೇರೆಯವರು ಬರ್ತಾರೆ."

ಟಿಕೆಟ್ ಕಿಟಕಿಯಲ್ಲಿದ್ದ ಅತ್ತೆ ಇಷ್ಟನ್ನೂ ಕೇಳಿಸಿಕೊಂಡಳು. ಇಬ್ಬರೂ ಅವಳ ಅಣ್ಣನ ಮಕ್ಕಳು. ತಾಯಿಯಿಲ್ಲದ ಎರಡು ತಲೆಗೂ ಎಣ್ಣೆ ಹಚ್ಚಿ ಬೆಳೆಸಿದವಳು ಅವಳೇ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದ್ದರಿಂದ ಎಲ್ಲರ ಬಾಯಲ್ಲೂ ಅವಳು ಟೆಲಿಫೋನ್ ಅತ್ತೆ. ಅವಳು ಕಿಟಕಿ ಮುಚ್ಚಿ ಒಳಗೆ ಬಂದಳು. ಮನೆ ಎರಡಾಗುವುದನ್ನು ನೋಡಿಕೊಂಡು ಟಿಕೆಟ್ ಹರಿಯುತ್ತ ಕೂರುವ ಜೀವ ಅದಲ್ಲ.

*

ರಿಪೇರಿಯವನು ಬಂದ. ವಾಲ್ಯೂಮ್ ನೋಡಿದ. ಸದ್ದು ಹೊರಡಿಸುವ ಸೌಂಡ್ ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ತೆಗೆದು ಹೊಸದಾಗಿ ಹಾಕಿದ. ಕಂಪ್ಯೂಟರನ್ನು ಎರಡು ಸಲ ಆರಿಸಿ ಹಚ್ಚಿದ. ಕೊಳಲು, ಡೋಲು. ಕಂಠವಿಲ್ಲ.

"ಕಾರ್ಡ್ ಗಟ್ಟಿಮುಟ್ಟಾಗಿದೆ," ಅಂದ. "ಅದು ಕೆಟ್ಟಿದ್ರೆ ಎಲ್ಲಾ ಸದ್ದೂ ಹೋಗಬೇಕಿತ್ತು. ಹಾಡಿನಿಂದ ಧ್ವನಿಯೊಂದನ್ನೇ ತೆಗೆಯೋ ಸಾಫ್ಟ್‌ವೇರ್ ಇದೆ. ಗೊತ್ತಿದ್ದವರೇ ಮಾಡಿರೋ ಕೆಲಸ."

ಎಲ್ಲರ ಕಣ್ಣು ತಂಗಿಯ ಮೇಲೆ ಬಿತ್ತು. ಅಂಥದ್ದು ಗೊತ್ತಿರುವುದು ಅವಳೊಬ್ಬಳಿಗೇ. ಅವಳು ಕಣ್ಣೊರೆಸಿಕೊಂಡಳು.

"ಕೆಲಸ ಹೋದರೆ ಹೋಗಲಿ ಅತ್ತೆ," ಅಂದಳು ಮೆಲ್ಲಗೆ. "ಅಕ್ಕನೇ ಹೀಗಂದಳಲ್ಲ."

"ಅಳೋದು ಆಮೇಲೆ. ನಿಮ್ಮಿಬ್ಬರಿಗೂ ಎಂದಿನಿಂದ ಮಾತಿಲ್ಲ?"

"ಒಂದು ವಾರ ಆಯ್ತು. ಮೂರನೇ ಚರಣದಲ್ಲಿ ಶ್ರುತಿ ಇಳಿದಿದೆ, ಇನ್ನೊಂದ್ಸಲ ಹಾಡು ಅಂದೆ. ಅಷ್ಟಕ್ಕೇ ಎಣ್ಣೆ ಸೀಗೆಕಾಯಿ."

ಅತ್ತೆ ಹಾಡಿಗೆ ಕೊಳಲು ನುಡಿಸಿದ್ದವನ ಕಡೆ ನೋಡಿದಳು. ಅವನ ಮುಖದಲ್ಲಿ ಹಬ್ಬ.

"ಹೀಗೇ ಇರಲಿ ಬಿಡಿ ಮೇಷ್ಟ್ರೇ," ಅನ್ನುತ್ತಿದ್ದ. "ಕೊಳಲು ಎಷ್ಟು ಚೆನ್ನಾಗಿ ಕೇಳುತ್ತೆ."

"ನಿನ್ನೆ ಎಲ್ಲಿದ್ದೆಯಪ್ಪಾ?" ಅಂದಳು ಅತ್ತೆ.

"ಹಲ್ಲಿನ ಡಾಕ್ಟರ ಹತ್ರ. ದವಡೆ ನೋಡಿ, ಇನ್ನೂ ಊದಿದೆ. ಅಲ್ಲದೆ ನಿನ್ನೆ ರಜಾ. ರಂಗಮಂದಿರಕ್ಕೆ ಬೀಗ."

ದವಡೆ ನಿಜವಾಗಿಯೂ ಊದಿತ್ತು. ಬೋಳುತಲೆಯ ಪಾಪದ ಮನುಷ್ಯ. ಅತ್ತೆ ಅವನನ್ನು ಬಿಟ್ಟಳು. ಅವನ ಕೊನೆಯ ಮಾತನ್ನು ಮಾತ್ರ ಬಿಡಲಿಲ್ಲ.

*

"ಬೇರೆ ಯಾವುದಾದರೂ ಹಾಡು ಹಾಕು ಮಗಳೇ. ಅಕ್ಕ ಹಾಡಿದ್ದು ಬೇಡ."

ತಂಗಿ ಹಳೆಯ ನಾಟಕದ ಹಾಡೊಂದನ್ನು ಹಾಕಿದಳು. ವಾದ್ಯಗಳು ಬಂದವು. ಹಾಡುಗಾರ ಬರಲಿಲ್ಲ. ರಿಪೇರಿಯವನು ತಲೆ ಕೆರೆದುಕೊಂಡ.

ಅತ್ತೆ ಸೀರೆ ಎತ್ತಿಕಟ್ಟಿ ಮೇಜಿನ ಹಿಂದೆ ತೂರಿದಳು. ಕಂಪ್ಯೂಟರಿನ ಡಬ್ಬವನ್ನು ಯಾರೋ ಒಂದು ಗೇಣು ಮುಂದಕ್ಕೆಳೆದಿದ್ದರು. ಅದು ಮೊದಲಿದ್ದ ಜಾಗದಲ್ಲಿ ಧೂಳಿರಲಿಲ್ಲ. ಪಕ್ಕದ ಮೊಳೆಯಲ್ಲಿ ತಂಗಿಯ ಹೆಡ್‌ಫೋನ್ ನೇತಾಡುತ್ತಿತ್ತು. ಅದರ ಪಟ್ಟಿಯನ್ನು ಕೊನೆಯವರೆಗೂ ಎಳೆದಿದ್ದರು. ಅತ್ತೆ ಸ್ಪೀಕರಿನ ಪಿನ್ನನ್ನು ಬೆರಳ ತುದಿಯಲ್ಲಿ ಮುಟ್ಟಿದಳು. ಗೊತ್ತಾದದ್ದು ಅವಳಿಗೆ ಸಂತೋಷ ಕೊಡಲಿಲ್ಲ. ಆದರೂ ಒಬ್ಬಳ ಮಾನ ಉಳಿಸಲು ಇನ್ನೊಬ್ಬಳ ಮುಖ ಕೆಂಪಾಗಲೇಬೇಕಿತ್ತು.

"ಎಲ್ಲರೂ ಬನ್ನಿ ಇಲ್ಲಿ," ಅಂದಳು.

*

"ಯಾರೂ ಏನೂ ಅಳಿಸಿಲ್ಲ. ಅಳಿಸಿದ್ದರೆ ಹಳೇ ಹಾಡು ಯಾಕೆ ಮೂಕಾಗಬೇಕು? ಸ್ಪೀಕರಿನ ಪಿನ್ನು ಸೌಂಡ್ ಕಾರ್ಡಿನ ತೂತಿನೊಳಗೆ ಪೂರ್ತಿ ಕೂತಿಲ್ಲ. ಎಕ್ಸ್‌ಚೇಂಜಲ್ಲಿ ದಿನಕ್ಕೆ ಸಾವಿರ ಪಿನ್ನು ಚುಚ್ಚಿದ ಕೈ ಇದು. ಟಕ್ ಅನ್ನದಿದ್ರೆ ಅರ್ಧ ಮಾತೂ ಆಚೆಗೆ ಹೋಗಲ್ಲ."

"ಹಾಗಿದ್ರೆ ಕೊಳಲು ಹೇಗೆ ಬರುತ್ತೆ?" ಮೇಷ್ಟ್ರು ಕೇಳಿದರು.

ರಿಪೇರಿಯವನು ಹಣೆ ಚಚ್ಚಿಕೊಂಡ. "ಕೊಳಲು ಎಡಗಡೆ, ಡೋಲು ಬಲಗಡೆ. ಕಂಠ ಎರಡೂ ಕಡೆ ಸಮವಾಗಿರುತ್ತೆ. ಪಿನ್ನು ಅರ್ಧಕ್ಕೆ ನಿಂತರೆ ಸಮವಾಗಿರೋದು ಒಂದನ್ನೊಂದು ಹೊಡೆದುಹಾಕುತ್ತೆ. ಬಾಗಿಲನ್ನ ಆ ಕಡೆಯಿಂದೊಬ್ಬ ಈ ಕಡೆಯಿಂದೊಬ್ಬ ತಳ್ಳಿದ ಹಾಗೆ. ನಾನು ಮುಂದುಗಡೆ ಮಾತ್ರ ನೋಡಿದೆ, ಅಮ್ಮಾ."

"ಪಿನ್ನು ತೆಗೆದವರು ಯಾರು?" ಅಂದರು ಮೇಷ್ಟ್ರು.

"ಹೆಡ್‌ಫೋನಿಗೂ ಅದೇ ತೂತು. ಹಾಡನ್ನ ಗುಟ್ಟಾಗಿ ಕೇಳಬೇಕಾದವರು ಸ್ಪೀಕರಿನ ಪಿನ್ನು ಕೀಳಲೇಬೇಕು. ಮೊನ್ನೆ ತಾಲೀಮಲ್ಲಿ ಹಾಡು ಸರಿಯಿತ್ತು. ನಿನ್ನೆ ಬೀಗ. ಇರೋ ಒಂದೇ ಬೀಗದ ಕೈ ತೂಗೋದು ಈ ಹುಡುಗಿಯರ ಮನೆಯ ಮೊಳೆಗೆ. ಹೆಡ್‌ಫೋನಿನ ಪಟ್ಟಿ ಇಷ್ಟುದ್ದ ಎಳೆದಿದ್ದಾರೆ. ಚಿಕ್ಕವಳ ಕೂದಲು ಕಿವಿವರೆಗೂ ಇಲ್ಲ, ಅವಳಿಗಿದು ಕತ್ತಿಗೆ ಬೀಳುತ್ತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಕ್ಕನ ಕೈ ತಾನಾಗಿ ನೆತ್ತಿಯ ಮೇಲಿನ ದೊಡ್ಡ ತುರುಬಿಗೆ ಹೋಯಿತು.

"ನಿನ್ನೆ ಸರಿಯಾಗೇ ಇತ್ತು ಅಂದೆಯಲ್ಲ," ಅತ್ತೆ ದನಿ ತಗ್ಗಿಸಿದಳು. "ಬೀಗ ಹಾಕಿದ ರಂಗಮಂದಿರದ ಹಾಡು ನಿನಗೆ ಹೇಗೆ ಕೇಳಿಸ್ತು ಮಗಳೇ?"

ಅಕ್ಕ ನೆಲ ನೋಡಿದಳು. "ಮೂರನೇ ಚರಣ ಕೇಳೋಕೆ ಬಂದೆ," ಅಂದಳು. "ಹತ್ತು ಸಲ ಕೇಳಿದೆ. ಇವಳು ಹೇಳಿದ್ದು ನಿಜ. ಶ್ರುತಿ ಇಳಿದಿದೆ. ಕಣ್ಣು ತುಂಬಿಬಂತು. ಪಿನ್ನು ಎಲ್ಲಿ ಹಾಕಿದೆನೋ ಕಾಣಲಿಲ್ಲ. ನನ್ನ ಕೈಯಿಂದಲೇ ಆಗಿದ್ದು ಅಂತ ನಿಜವಾಗ್ಲೂ ಗೊತ್ತಿರಲಿಲ್ಲ ಕಣೇ. ನಿನ್ನ ಮೇಲೆ ಹಾಕಿದೆ. ತಪ್ಪಾಯ್ತು."

ತಂಗಿ ಅಕ್ಕನ ಕೈ ಹಿಡಿದು ಮೇಜಿನ ಹಿಂದಕ್ಕೆ ಕರೆದೊಯ್ದು ಅವಳ ಬೆರಳನ್ನು ಪಿನ್ನಿನ ಮೇಲಿಟ್ಟಳು. ಅಕ್ಕ ತಳ್ಳಿದಳು. ಟಕ್ ಅಂದಿತು. ತಂಗಿ ಹಾಡು ಹಾಕಿದಳು; ಸಭಾಂಗಣವೆಲ್ಲ ಅಕ್ಕನ ಕಂಠ ತುಂಬಿತು. ಮೂರನೇ ಚರಣ ಬಂದಾಗ ಇಬ್ಬರೂ ಒಟ್ಟಿಗೇ ಮುಖ ಸಿಂಡರಿಸಿದರು, ಒಟ್ಟಿಗೇ ನಕ್ಕರು.

"ಈಗಿನ್ನೂ ಮಧ್ಯಾಹ್ನ ಒಂದು ಗಂಟೆ," ಅಂದಳು ತಂಗಿ. "ಇನ್ನೊಂದ್ಸಲ ಹಾಡ್ತೀಯಾ?"

"ನೀನು ಸರಿ ಅನ್ನೋವರೆಗೂ ಹಾಡ್ತೀನಿ."

*

ಮೂರನೇ ಚರಣವನ್ನು ಮತ್ತೆ ರೆಕಾರ್ಡ್ ಮಾಡಿದರು. ಟಿಕೆಟ್ ಕಿಟಕಿ ಇನ್ನೂ ಮುಚ್ಚಿತ್ತು. ಅಕ್ಕ ಶ್ರುತಿ ಹಿಡಿದು ಮೇಲೇರಿದ ಗಳಿಗೆಯಲ್ಲೇ ಟಿಕೆಟಿಗೆ ಬಂದ ಯಾರೋ ಕಿಟಕಿ ಬಡಿದರು. ಟಕ್, ಟಕ್. ಅತ್ತೆ ನಾಲಿಗೆ ಕಚ್ಚಿಕೊಂಡಳು. ತಂಗಿ ಅದನ್ನು ಅಳಿಸಲು ಹೊರಟಳು.

"ಅಳಿಸಬೇಡ, ಇರಲಿ," ಅಂದಳು ಅಕ್ಕ.

ಸಂಜೆ ಸಭಾಂಗಣ ತುಂಬಿತ್ತು. ಮೂರನೇ ಚರಣದಲ್ಲಿ ಟಕ್ ಟಕ್ ಕೇಳಿಸಿತು. ಜನ ಅದನ್ನು ಡೋಲೆಂದುಕೊಂಡರು. ವೇದಿಕೆಯ ಮೇಲೆ ಕುಣಿಯುತ್ತಿದ್ದ ಅಕ್ಕ ಕಂಪ್ಯೂಟರಿನ ಕಡೆ ನೋಡಿದಳು. ಅಲ್ಲಿ ತಂಗಿ ಆಗಲೇ ಅವಳನ್ನು ನೋಡುತ್ತಿದ್ದಳು.